ಒಂದೇ ತಪ್ಪು ಉತ್ತರ

"ಸರಿ ಉತ್ತರ ಇಬ್ಬರಿಗೂ ಒಂದೇ ಬಂದ್ರೆ ಜಾಣತನ. ತಪ್ಪು ಉತ್ತರ ಇಬ್ಬರಿಗೂ ಒಂದೇ ಬಂದ್ರೆ?" ಮೇಡಂ ಎರಡು ಲ್ಯಾಬ್ ಪುಸ್ತಕಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. "ನಕಲು!"

ನೀರಿನಲ್ಲಿ ಕಬ್ಬಿಣದ ಅಂಶ ಎಷ್ಟಿದೆ ಎಂದು ಅಳೆಯುವ ಪ್ರಯೋಗ. ಬರಬೇಕಾದದ್ದು 3.90. ನನಗೆ ಬಂದದ್ದು 4.37. ಮೇಡಂ ಮುಂದೆ ಈಗ ನನ್ನ ಪಕ್ಕದಲ್ಲಿ ನಿಂತಿದ್ದ ಸೋಡಾಬುಡ್ಡಿ ಕನ್ನಡಕದವನಿಗೂ 4.37.

ಆಧುನಿಕ ವಿಶ್ಲೇಷಣಾ ವಿಧಾನಗಳ ಈ ಕೋರ್ಸು ಶುರುವಾಗಿ ಮೂರು ತಿಂಗಳಾಗಿದ್ದರೂ ಅವನ ದನಿಯನ್ನೇ ನಾನು ಕೇಳಿರಲಿಲ್ಲ. ಅವನದು ಬಾಗಿಲ ಬಳಿಯ ಬೆಂಚು, ನನ್ನದು ಕಿಟಕಿಯ ಬಳಿ.

"ಕ್ಷಮಾಪಣೆ ಬರೆದುಕೊಟ್ರೆ ಪಾಸ್. ಇಲ್ಲಾಂದ್ರೆ ಫೇಲ್, ಒಂದು ವರ್ಷ ಹೋಯ್ತು."

"ಮಾಡದ ತಪ್ಪಿಗೆ ಬರೆಯಲ್ಲ ಮೇಡಂ," ಎಂದೆ.

"ನಾನೂ ಬರೆಯಲ್ಲ," ಎಂದ ಸೋಡಾಬುಡ್ಡಿ.

"ನೋಡಿ, ಇದನ್ನೂ ನಕಲು ಮಾಡಿದ್ರಿ." ಒಂದೇ ತಪ್ಪು ಹೇಗೆ ಬಂತೆಂದು ತೋರಿಸಲು ಮೇಡಂ ಶುಕ್ರವಾರದವರೆಗೆ ಗಡುವು ಕೊಟ್ಟರು.

ಅಕ್ಕ ಫೋನಿನಲ್ಲಿ, "ಸಾರಿ ಅಂದ್ರೆ ನಿನ್ನ ಗಂಟೇನು ಹೋಗುತ್ತೆ? ಯಾವಾಗಲೂ ಮೂಗಿನ ತುದೀಲೇ ಕೋಪ!" ಎಂದಳು. ಹೌದು, ನನ್ನ ಕೋಪ ಅಲ್ಲೇ ಇರುವುದು. ಆದರೆ ಕಳ್ಳಿ ಅನ್ನಿಸಿಕೊಂಡು ಪಾಸಾಗಿ ಯಾರಿಗೆ ಮುಖ ತೋರಿಸಲಿ?

ಮಂಗಳವಾರ ಇಬ್ಬರೂ ಸೇರಿ ಪಿಪೆಟ್ಟು, ಫ್ಲಾಸ್ಕುಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದೆವು.

"ನೀವು ಯಾವಾಗಲೂ ಹೀಗೆ ಗುರ್ ಅಂತೀರಾ?" ಎಂದು ಕೇಳಿದ.

"ನೀವು ಯಾವಾಗಲೂ ಹೀಗೆ ದಿನಕ್ಕೊಂದೇ ಮಾತಾಡ್ತೀರಾ?"

ನಕ್ಕ. ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸಿಕೊಂಡ. ಕನ್ನಡಕವಿಲ್ಲದ ಆ ಕಣ್ಣುಗಳು ನಾನೆಲ್ಲಿದ್ದೇನೆಂದು ಹುಡುಕಿದವು, ಸಿಕ್ಕ ಮೇಲೂ ಅಲ್ಲೇ ಉಳಿದವು. ನನ್ನ ಪಿಪೆಟ್ಟಿನ ನೀರು ಅಳತೆಯ ಗೆರೆ ದಾಟಿ ಕೆಳಗಿಳಿಯಿತು. ಮೂರು ತಿಂಗಳಲ್ಲಿ ಮೊದಲ ಸಲ.

ಬುಧವಾರ ಅವನು ಥಟ್ಟನೆ ಕೇಳಿದ, "ಅವತ್ತು ನೀವು ಲ್ಯಾಬಿಗೆ ತಡವಾಗಿ ಬಂದ್ರಿ ಅಲ್ವಾ?"

"ಹೌದು. ಮೇಜಿನ ಮೇಲಿದ್ದ ಸ್ಟ್ಯಾಂಡರ್ಡ್ ದ್ರಾವಣ ಖಾಲಿಯಾಗಿತ್ತು. ಕಪಾಟಿನಿಂದ ಇನ್ನೊಂದು ಬಾಟಲಿ ತಗೊಂಡೆ."

"ನಾನೂ ಅಷ್ಟೇ!"

ಸ್ಟ್ಯಾಂಡರ್ಡ್ ಎಂದರೆ ನಮ್ಮ ಅಳತೆಗೋಲು. ಅದೇ ಹಳತಾಗಿ ಶಕ್ತಿ ಕುಂದಿದ್ದರೆ ಅದರಿಂದ ಅಳೆದದ್ದೆಲ್ಲ ಹೆಚ್ಚು ಬರುತ್ತದೆ. ಹಿಂದಿನ ಸಾಲಿನಿಂದ ಆ ಬಾಟಲಿಯನ್ನು ಹೊರಗೆಳೆದೆವು. ಲೇಬಲ್ಲಿನ ಮೇಲೆ ಹೋದ ವರ್ಷದ ತಾರೀಖು. ಅದನ್ನು ನೋಡದೇ ಬಳಸಿದ್ದು ನಮ್ಮಿಬ್ಬರ ತಪ್ಪೇ.

"ಸಿಕ್ಕಿಬಿದ್ದ ಕಳ್ಳ!" ಎಂದು ಕೂಗಿದೆ.

"ಮೆತ್ತಗೆ. ನಿನ್ನ ಕೂಗಿಗೆ ಬಾಟಲಿ ಒಡೆಯುತ್ತೆ."

'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ಗೊತ್ತಾಯಿತು. ಯಾರೂ ತಿದ್ದಲು ಹೋಗಲಿಲ್ಲ.

ಶುಕ್ರವಾರ ಮೇಡಂ ತಾವೇ ಹಳೆಯ ಬಾಟಲಿಯಿಂದ ಪ್ರಯೋಗ ಮಾಡಿ ನೋಡಿದರು. ಅವರಿಗೂ 4.37. 'ನಮ್ಮದನ್ನ ನೋಡಿ ಬರೆದ್ರಾ ಮೇಡಂ?' ಎಂದು ಕೇಳಲು ನಾಲಿಗೆ ತುರಿಸಿತು. ಕಚ್ಚಿಕೊಂಡೆ.

"ಸರಿ, ನೀವೇ ಗೆದ್ರಿ," ಎಂದ ಮೇಡಂ ಒಂದು ಹಾಳೆ ಮುಂದಿಟ್ಟರು. "ನಕಲಿನ ದೂರು ನೋಡೋ ಕಮಿಟಿಗೆ ಇದೊಂದು ಸಹಿ ಬೇಕು. ಆಮೇಲೆ ಫೈಲ್ ಮುಚ್ಚುತ್ತೆ."

ಟೈಪು ಮಾಡಿದ್ದ ಸಾಲು: 'ನಮ್ಮಿಬ್ಬರ ನಡುವೆ ಯಾವ ಸಂಬಂಧವೂ ಆಗ ಇರಲಿಲ್ಲ, ಈಗಲೂ ಇಲ್ಲ.'

ಪೆನ್ನು ಹಿಡಿದೆ. ಪಕ್ಕದಲ್ಲಿ ಅವನು ಕನ್ನಡಕ ತೆಗೆದು ಒರೆಸತೊಡಗಿದ. ಮಾಡದ ತಪ್ಪನ್ನು ಮಾಡಿದೆ ಎನ್ನದವಳು, ಇರುವ ಪ್ರೀತಿಯನ್ನು ಇಲ್ಲ ಎನ್ನಲೇ?

ಲ್ಯಾಬ್ ಪುಸ್ತಕದಲ್ಲಿ ತಪ್ಪಾದರೆ ಅಳಿಸುವಂತಿಲ್ಲ. ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ತಾರೀಖು ಹಾಕಿ ಸಹಿ ಮಾಡಬೇಕು. ಮೇಡಂ ಕಲಿಸಿದ ಮೊದಲ ಪಾಠ ಅದು.

'ಈಗಲೂ ಇಲ್ಲ' ಎಂಬುದರ ಮೇಲೆ ಒಂದು ಗೆರೆ ಎಳೆದೆ. ಪಕ್ಕದಲ್ಲಿ 'ಈಗ ಇದೆ' ಎಂದು ಬರೆದು ಸಹಿ ಮಾಡಿದೆ.

ಮೇಡಂ ಹುಬ್ಬೇರಿಸಿದರು. "ಕಮಿಟಿ ಇದನ್ನ ಒಪ್ಪದೇ ಹೋದ್ರೆ?"

"ಮುಂದಿನ ವರ್ಷ ಇದೇ ಕೋರ್ಸ್ ಮತ್ತೆ ಮಾಡ್ತೀನಿ ಮೇಡಂ. ಸುಳ್ಳಿಗೆ ಮಾತ್ರ ಸಹಿ ಹಾಕಲ್ಲ."

"ನಾನೂ," ಎಂದ ಸೋಡಾಬುಡ್ಡಿ, ಕಿವಿವರೆಗೂ ಕೆಂಪಾಗಿ. "ಆದ್ರೆ ಇಬ್ಬರಿಗೂ ಒಂದೇ ಬೆಂಚು ಕೊಡಿ."

ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, ನನ್ನ ಸಹಿಯ ಕೆಳಗೆ ತನ್ನದನ್ನು ಹಾಕಿದ. "ತಾರೀಖು ಬುಧವಾರದ್ದು ಬರೀಲಾ? ಅವತ್ತಿಂದಲೇ ಇದೆ," ಎಂದು ಪಿಸುಗುಟ್ಟಿದ.

"ನಂದು ಮಂಗಳವಾರದಿಂದ," ಎಂದೆ, ಪಿಸುಗುಟ್ಟದೆ.

ಮೇಡಂ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. "ಅಂತೂ ಇಬ್ಬರ ಉತ್ತರ ಬೇರೆ ಬೇರೆ ಬಂತು," ಎಂದು ಅದರ ಕೆಳಗೆ 'ನಕಲಲ್ಲ' ಎಂದು ಬರೆದು ಸಹಿ ಹಾಕಿದರು.