ಉಪ್ಪಿನ ಗಾಡಿ ಎಲ್ಲಿಗೆ ಹೋಯಿತು

ತೆರೆಯ ಮೇಲಿನ ಎತ್ತು ಮುನಿಸಿಕೊಂಡು ಮೋಡದ ಮೇಲೆ ಮಲಗಿಬಿಟ್ಟಿತು. ಇಡೀ ಥಿಯೇಟರು ನಕ್ಕಿತು. ಆ ನಗುವಿನ ನಡುವೆಯೇ ಅರ್ಷದ್ ಎದ್ದು, ಸಾಲಿನಲ್ಲಿ ಕೂತವರ ಮೊಣಕಾಲು ತಪ್ಪಿಸಿಕೊಂಡು, "ಸಾರಿ, ಸಾರಿ" ಎನ್ನುತ್ತ ಬಾಗಿಲ ಕಡೆ ನಡೆದ. ಇನ್ನೇನು ಕಥೆಯ ಕೊನೆ ಬರಲಿತ್ತು. ಅದನ್ನು ಅವನು ನೋಡುವಂತಿರಲಿಲ್ಲ.

ಕನ್ನಡ ಸಿನಿಮಾ ಎಂದರೆ ಅಮೆರಿಕದ ಈ ಷಾರ್ಲೆಟ್‌ನಲ್ಲಿ ಒಂದೇ ಶೋ. ನಾಲ್ಕು ಜನ ಸೇರಿ ಶನಿವಾರದ ಮಧ್ಯಾಹ್ನಕ್ಕೆ ಒಂದು ಸ್ಕ್ರೀನ್ ಹಿಡಿದು, ವಾಟ್ಸಾಪ್ ಗ್ರೂಪುಗಳಲ್ಲಿ ಕೂಗಿ ಕರೆದು ಜನ ಕೂಡಿಸುತ್ತಾರೆ. ಈ ಸಲದ ಸಿನಿಮಾ 'ಉಪ್ಪಿನ ಗಾಡಿ'. ಉಪ್ಪು ಮಾರುವ ಗಿಡ್ಡಪ್ಪ, ಮಾತಾಡುವ ಎತ್ತು, ಕೆಂಪಿ ಎಂಬ ಬಾಯಿಜೋರಿನ ಹುಡುಗಿ, ಊರಿನ ನಗುವನ್ನೆಲ್ಲ ಕದ್ದು ಭರಣಿಯಲ್ಲಿ ಮುಚ್ಚಿಟ್ಟ ರಾಕ್ಷಸ. ಅದೇ ಹೆಸರಿನ ಕಾದಂಬರಿಯಿಂದ ತೆಗೆದದ್ದು. ಪೋಸ್ಟರಿನ ತುದಿಯಲ್ಲಿ ವಾಲಂಟಿಯರ್‌ಗಳ ಹೆಸರುಗಳಿದ್ದವು; ಅದರಲ್ಲಿ ನಿದಾ ಎಂಬ ಹೆಸರು ಕಂಡದ್ದೇ ತಡ, ಅರ್ಷದ್ ಇವತ್ತು ನಸುಕಿನಲ್ಲಿ ಆರೇಳು ಗಂಟೆ ದಾರಿಯ ಶ್ಯಾಂಟಿಲಿ ಬಿಟ್ಟಿದ್ದ.

ಅವರಿಬ್ಬರೂ ಇವತ್ತಿನ ತನಕ ಒಂದೇ ಕೋಣೆಯಲ್ಲಿ ನಿಂತವರೇ ಅಲ್ಲ.

ಲಾಕ್‌ಡೌನ್ ದಿನಗಳಲ್ಲಿ ಭಾನುವಾರಕ್ಕೊಮ್ಮೆ ಕಂಪ್ಯೂಟರಿನ ಮುಂದೆ ಕೂತು ಕನ್ನಡ ಪುಸ್ತಕ ಓದುವ ಗುಂಪೊಂದು ಹುಟ್ಟಿಕೊಂಡಿತ್ತು. ಹತ್ತಾರು ಮುಖಗಳಿದ್ದವು. ಹೊರಗಿನ ಬದುಕು ತೆರೆದುಕೊಂಡ ಹಾಗೆ ಒಂದೊಂದೇ ಮುಖ ಕರಗಿ, ಕೊನೆಗೆ ಡರ್ಹಮ್‌ನ ಲ್ಯಾಬಿನಲ್ಲಿ ಕೆಲಸ ಮಾಡುವ ನಿದಾ, ಶ್ಯಾಂಟಿಲಿಯ ಅರ್ಷದ್ ಇಬ್ಬರೇ ಉಳಿದರು. ಮನೆಮಾತು ಇಬ್ಬರದೂ ಉರ್ದು. ಆದರೆ ಪುಸ್ತಕದ ಮೂಲಕ ಕೂಡಿದವರು ಪುಸ್ತಕದ ಭಾಷೆಯಲ್ಲೇ ಜಗಳವಾಡಿದರು, ಅದರಲ್ಲೇ ಒಲಿದರು. 'ಉಪ್ಪಿನ ಗಾಡಿ' ಓದುವಾಗ ಅವಳು ಕೆಂಪಿಯಾಗುತ್ತಿದ್ದಳು. ಇವನು ಎತ್ತು, ರಾಕ್ಷಸ ಎರಡೂ.

ಕೊನೆಯ ಅಧ್ಯಾಯ ಬಂದಾಗ ಅವನು ಹೇಳಿದ್ದ, "ಇದನ್ನ ಎದುರೆದುರು ಕೂತು ಓದೋಣ. ಅಲ್ಲೀವರೆಗೆ ನೀನೂ ತೆಗೀಬೇಡ, ನಾನೂ ತೆಗೆಯಲ್ಲ."

"ಎದುರು ಕೂತು ಓದಿದ್ಮೇಲೆ?"

"ಆಮೇಲೆ ನಿಮ್ಮಪ್ಪನ ಹತ್ರ ಮಾತಾಡ್ತೀನಿ."

ಅವಳು ಕ್ಯಾಮೆರಾ ಆಫ್ ಮಾಡಿದ್ದಳು. ನಗುತ್ತಿರುವುದು ಅವನಿಗೆ ಕಾಣಬಾರದೆಂದು. ನಗು ಕೇಳಿಸುತ್ತಲೇ ಇತ್ತು.

ಮಾತಾಡಲು ಅವಳಪ್ಪ ಉಳಿಯಲಿಲ್ಲ. ಎರಡನೇ ಅಲೆಯಲ್ಲಿ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋದವಳು ವೀಸಾ ಸ್ಟಾಂಪಿಂಗ್ ಸಿಗದೆ ಅಲ್ಲೇ ಸಿಕ್ಕಿಹಾಕಿಕೊಂಡಳು. ಅರ್ಷದ್ ಎರಡು ಸಲ ಮೆಸೇಜು ಬರೆದ. ಉತ್ತರ ಬರಲಿಲ್ಲ. ಸಾವಿನ ಮನೆಯ ಬಾಗಿಲನ್ನು ಬಡಿಯುತ್ತಲೇ ಇರಬಾರದು ಎಂದುಕೊಂಡು ಸುಮ್ಮನಾದ. ಅವನದು ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ಬಿಚ್ಚುವ ಮನೆತನ. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಎಳೆಯ ತುದಿ ಹಿಡಿಯುವಾಗ ಅವಸರ ಮಾಡಬೇಡ, ಹರಿದುಹೋಗುತ್ತೆ ಎಂದು ಅಮ್ಮ ಬೆರಳಿಗೆ ಹೊಡೆದು ಕಲಿಸಿದ್ದಳು. ಅವನು ಅವಸರ ಮಾಡಲಿಲ್ಲ. ತಾಳಿಕೊಂಡ. ತಾಳಿಕೊಂಡಷ್ಟೂ ನೀರು ತಣ್ಣಗಾಯಿತು. ಅವಳು ಮತ್ತೆ ಅಮೆರಿಕಕ್ಕೆ ಬಂದದ್ದು ಅವನಿಗೆ ಗೊತ್ತಾದದ್ದೂ ಆ ಪೋಸ್ಟರಿನಿಂದಲೇ.

ಇವತ್ತು ಮಧ್ಯಾಹ್ನ ಟಿಕೆಟ್ ಟೇಬಲಿನ ಹಿಂದೆ ಅವಳು ನಿಂತಿದ್ದಳು. ಕಂಪ್ಯೂಟರಿನ ಪರದೆಯಲ್ಲಿ ಅವಳಿಗೆ ಎತ್ತರವೇ ಇರಲಿಲ್ಲ. ಇಲ್ಲಿ ಅವನ ಭುಜಕ್ಕೆ ಬರುತ್ತಿದ್ದಳು. ಅವನ ಫೋನು ಸ್ಕ್ಯಾನ್ ಮಾಡುವಾಗ ಬೆರಳು ಒಂದು ಗಳಿಗೆ ನಿಂತಿತು. ಕಣ್ಣು ಎತ್ತಿದಳು, ಅವನ ಮುಖದವರೆಗೂ ತಾರದೆ ಅಂಗಿಯ ಗುಂಡಿಯ ಹತ್ತಿರವೇ ಇಳಿಸಿದಳು.

"ಎಡಗಡೆ ಹೋಗಿ. ನಿಮ್ಮ ಸೀಟು ಹಿಂದಿನ ಸಾಲಲ್ಲಿದೆ," ಎಂದಳು.

ಬಹುವಚನ. ಅಷ್ಟು ದೂರ ಕಾರು ಓಡಿಸಿ ಬಂದವನಿಗೆ ಸಿಕ್ಕಿದ್ದು ಅದು.

ಈಗ ಲಾಬಿಯಲ್ಲಿ ಅವಳೊಬ್ಬಳೇ ಇದ್ದಳು. ಬಾಗಿಲು ತೆರೆದ ಸದ್ದಿಗೆ ತಿರುಗಿದಳು.

"ಸಿನಿಮಾ ಹಿಡಿಸ್ಲಿಲ್ವಾ?"

"ಫೋನ್ ಬಂತು."

ಅವನ ಕೈಯಲ್ಲಿ ಫೋನಿರಲಿಲ್ಲ. ಅವಳು ಖಾಲಿ ಕೈ ನೋಡಿದಳು, ಆಮೇಲೆ ಅವನನ್ನು.

"ಕ್ಲೈಮ್ಯಾಕ್ಸ್ ಟೈಮಲ್ಲೇ ಬರುತ್ತೆ ಫೋನು. ರಾಕ್ಷಸ ಮಾಡಿದ್ದಾ?" ತುಟಿಯ ಒಂದು ತುದಿ ಎದ್ದು, ತನಗೆ ಹಕ್ಕಿಲ್ಲವೆಂಬಂತೆ ಕೂಡಲೇ ಮಲಗಿತು.

"ನೀವ್ಯಾಕೆ ಒಳಗೆ ಹೋಗಿಲ್ಲ?" ಅವನೂ ಬಹುವಚನ ಹಿಡಿದ.

"ಟೇಬಲ್ ಡ್ಯೂಟಿ."

ಟಿಕೆಟ್ ಕೇಳುವವರು ಯಾರೂ ಉಳಿದಿರಲಿಲ್ಲ. ಅದನ್ನು ಅವನು ಯೋಚಿಸುವಷ್ಟರಲ್ಲಿ ಹೊರಗಿನಿಂದ ಅವಳ ಖಾಲಾ, ತಾಯಿಯ ತಂಗಿ ಫಖ್ರುನ್ನೀಸಾ ಕಾರಿನ ಕೀಲಿ ಅಲ್ಲಾಡಿಸುತ್ತ ಬಂದರು. "ನಿದಾ, ಶೋ ಮುಗಿದ ತಕ್ಷಣ ಹೊರಡೋಣ. ಶಾಹಬಾಜ್‌ನೋರು ಅಟ್ಲಾಂಟಾ ಬಿಟ್ಟಾಯ್ತಂತೆ, ಚಹಾ ಹೊತ್ತಿಗೆ ಮನೆಗೆ ಬರ್ತಾರೆ. ಇವತ್ತಾದ್ರೂ ಹೂಂ ಅನ್ನು ತಾಯಿ." ಆಗ ಅರ್ಷದ್ ಕಣ್ಣಿಗೆ ಬಿದ್ದ. "ಓ, ನೀವು ಯಾರು?"

"ಅರ್ಷದ್ ಅಂತ, ಆಂಟಿ. ಸಿನಿಮಾಗೆ ಬಂದಿದ್ದೆ."

ಫಖ್ರುನ್ನೀಸಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ಹೆಸರು ಅವರು ಮೊದಲೇ ಕೇಳಿದ್ದಂತಿತ್ತು.

ನಿದಾಳನ್ನು ನೋಡಲು ಗಂಡಿನ ಕಡೆಯವರು ಬರುತ್ತಿದ್ದಾರೆಂದು ಅರ್ಷದ್‌ಗೆ ತಿಳಿಯಿತು. ಇಲ್ಲೇ, ಈಗಲೇ ಹೇಳಬೇಕು ಎನಿಸಿತು. ಅಷ್ಟರಲ್ಲಿ ಬಾಗಿಲು ಹಾರುಹೊಡೆದು ಜನ ಹೊರಬಂದರು.

ಪ್ರತಿ ಶೋ ಆದಮೇಲೆ ನಡೆಯುವ ಶಾಸ್ತ್ರ ಶುರುವಾಯಿತು. ಶೋ ಏರ್ಪಾಡು ಮಾಡಿದ ರವಿಕಿರಣ್ ಫೋನು ಅಡ್ಡ ಹಿಡಿದು ಪೋಸ್ಟರಿನ ಮುಂದೆ ನಿಂತ. ಚಿತ್ರತಂಡಕ್ಕೆ ಅಮೆರಿಕದ ಪ್ರೇಕ್ಷಕರ ಅಭಿಪ್ರಾಯ ಕಳಿಸಬೇಕು.

"ಗ್ರಾಫಿಕ್ಸ್ ಸೂಪರ್. ಗಾಡಿ ಹಾರೋದು ನಿಜ ಅನ್ಸುತ್ತೆ," ಎಂದ ಒಬ್ಬ.

"ದ ಬುಲ್ ವಾಸ್ ಫನ್ನಿ. ನಂಗೆ ಆ ಎತ್ತು ಬೇಕು," ಎಂದಿತು ಒಂದು ಮಗು.

"ಎರಡನೇ ಹಾಡು ಕತ್ತರಿಸಬಹುದಿತ್ತು. ಬಾತ್‌ರೂಮಿಗೆ ಹೋಗಿ ಬಂದೆ, ಇನ್ನೂ ನಡೀತಾನೇ ಇತ್ತು."

ಆಮೇಲೆ ಸಾವಿತ್ರಿ ಆಂಟಿ ಬಂದರು. ಗಂಡ ಶಂಕರ ಅಂಕಲ್ ಹಿಂದೆಯೇ. ಇಬ್ಬರೂ ನಿವೃತ್ತ ಡಾಕ್ಟರುಗಳು, ಐವತ್ತು ವರ್ಷದಿಂದ ಈ ದೇಶದಲ್ಲಿ ಒಂದೇ ಅಭಿಪ್ರಾಯಕ್ಕೆ ಬಂದವರಲ್ಲ.

"ನನಗೆ ತುಂಬ ಖುಷಿಯಾಯ್ತು," ಎಂದರು ಆಂಟಿ. "ಈ ಕೊನೆ ಕಾದಂಬರಿಗಿಂತ ಚೆನ್ನಾಗಿದೆ."

"ಏನ್ ಚೆನ್ನಾಗಿದೆ?" ಶಂಕರ ಅಂಕಲ್ ಫೋನಿನ ಮುಂದಕ್ಕೇ ಬಂದರು. "ಹಾಳು ಮಾಡಿದ್ದಾರೆ. ಕಾದಂಬರಿಯಲ್ಲಿ ಏನಾಗುತ್ತೆ ಅಂದ್ರೆ, ಭರಣಿ ಒಡೆದ ಮೇಲೆ ಆ ಗಿಡ್ಡಪ್ಪ..."

ಅರ್ಷದ್ ಸರಸರನೆ ಹೊರಬಾಗಿಲಿಗೆ ಹೆಜ್ಜೆ ಹಾಕಿದ. ಕಿವಿಗೆ ಬೀಳಬಾರದು. ಎಲ್ಲ ಹೋಯಿತು, ಇದೊಂದಾದರೂ ಇರಲಿ.

"ಅಂಕಲ್, ಹೇಳ್ಬೇಡಿ."

ನಿದಾಳ ದನಿ. ಬಾಗಿಲ ಮೇಲಿಟ್ಟ ಅವನ ಕೈ ಅಲ್ಲೇ ನಿಂತಿತು.

"ಯಾಕಮ್ಮ? ಈ ಬುಕ್ಕು ನಮಗೆ ತಂದು ಕೊಟ್ಟೋಳೇ ನೀನು."

"ಕೊಟ್ಟೆ. ಕೊನೆ ಅಧ್ಯಾಯ ನಾನು ಓದಿಲ್ಲ."

"ಓದದೇನೇ ಊರಿಗೆಲ್ಲ ಹಂಚಿದ್ಯಾ?" ಆಂಟಿ ನಕ್ಕರು. ಸುತ್ತಲಿದ್ದವರೂ ನಕ್ಕರು.

"ಒಬ್ರ ಜೊತೆ ಓದ್ತೀನಿ ಅಂತ ಮಾತು ಕೊಟ್ಟಿದ್ದೆ, ಆಂಟಿ. ಅವರು ಬರಲಿಲ್ಲ." ಅವಳು ಯಾರ ಕಡೆಯೂ ನೋಡದೆ ಟೇಬಲಿನ ಬಟ್ಟೆಯ ಅಂಚು ಮಡಿಸುತ್ತಿದ್ದಳು. "ಅದಕ್ಕೇ ಸಿನಿಮಾನೂ ನೋಡಿಲ್ಲ."

ರವಿಕಿರಣ್ ಏನು ಮಾಡಬೇಕೋ ತೋಚದೆ ಫೋನನ್ನು ಬಾಗಿಲ ಬಳಿ ನಿಂತವನ ಕಡೆ ತಿರುಗಿಸಿದ. "ಸಾರ್, ನೀವ್ ಹೇಳಿ. ಸಿನಿಮಾ ಹೇಗಿತ್ತು? ಕೊನೆ ಇಷ್ಟ ಆಯ್ತಾ?"

ಅರ್ಷದ್ ತಿರುಗಿ ನಡೆದು ಬಂದ.

"ಕೊನೆ ನೋಡಲಿಲ್ಲ. ಮಧ್ಯದಲ್ಲೇ ಎದ್ದು ಬಂದೆ," ಎಂದ. "ಕಾದಂಬರಿಯ ಕೊನೆಯೂ ಗೊತ್ತಿಲ್ಲ. ಆ ಬುಕ್ಕು ನನ್ನ ಕಾರಲ್ಲಿದೆ, ಕೊನೆಯ ಅಧ್ಯಾಯಕ್ಕೆ ಕ್ಲಿಪ್ ಹಾಕಿ ಇಟ್ಟಿದ್ದೀನಿ. ಬರಲಿಲ್ಲ ಅಂತಾರೆ. ಬಂದಿದ್ದೀನಿ. ತಡ ಆಯ್ತು, ಅಷ್ಟೇ."

"ಸಾರ್, ಇದನ್ನ ಡೈರೆಕ್ಟರ್‌ಗೆ ಕಳ್ಸೋಕಾಗಲ್ಲ," ಎಂದ ರವಿಕಿರಣ್, ಮೆಲ್ಲಗೆ. ಆದರೂ ರೆಕಾರ್ಡಿಂಗ್ ನಿಲ್ಲಿಸಲಿಲ್ಲ.

ನಿದಾ ಮಡಿಸಿದ ಬಟ್ಟೆಯನ್ನು ಬಿಟ್ಟು, ಅವನನ್ನು ದಾಟಿ, ಹೊರಗೆ ಪಾರ್ಕಿಂಗ್ ಲಾಟಿಗೆ ನಡೆದಳು. ಅರ್ಷದ್ ಹಿಂಬಾಲಿಸಿದ. ಬಿಸಿಲು ಕಾರುಗಳ ಗಾಜಿನ ಮೇಲೆ ಉರಿಯುತ್ತಿತ್ತು.

"ಎರಡು ಮೆಸೇಜು," ಎಂದಳು ಅವಳು, ಬೆನ್ನು ತಿರುಗಿಸಿಯೇ. "ಗಿಡ್ಡಪ್ಪ ಒಂದು ಭರಣಿಗೋಸ್ಕರ ಏಳು ಬೆಟ್ಟ ಹತ್ತಿದ. ನಿಮಗೆ ಎರಡು ಮೆಸೇಜಿಗೇ ಏದುಸಿರು ಬಂತಾ?"

"ಸಾವಿನ ಮನೆ. ಬಾಗಿಲು ಬಡೀಬಾರದು ಅಂತ..."

"ಹೊರಗೇ ನಿಂತ್ರಿ. ಒಳಗೆ ಬರಬೇಕಾದ್ದು ಅಂಥ ಮನೆಗೇ ಅಲ್ವಾ?" ಅವಳು ತಿರುಗಿದಳು. ಕಣ್ಣಿನ ಅಂಚು ಕೆಂಪಾಗಿತ್ತು. "ನಂಗೆ ಬರೆಯೋಕೆ ಕೈ ಬರ್ಲಿಲ್ಲ. ಅಪ್ಪನ ಫೋನಿನ ಚಾರ್ಜರು ಗೋಡೆಯಲ್ಲಿ ಹಾಗೇ ನೇತಾಡ್ತಿತ್ತು, ಅದನ್ನ ತೆಗೆಯೋಕೂ ಕೈ ಬರ್ಲಿಲ್ಲ. ಆಮೇಲೆ ಬರೆಯೋಕೆ ನಾಚಿಕೆ ಆಯ್ತು. ನೀನು ಮೂರನೇ ಸಲ ಕೇಳ್ತೀಯ ಅಂತ ಕಾದೆ ಅರ್ಷದ್. ನಿನ್ನೆವರೆಗೂ."

ನೀನು ಎಂದದ್ದು ಅವಳಿಗೆ ತಿಳಿದಿರಲಿಲ್ಲ. ಅವನಿಗೆ ತಿಳಿಯಿತು. ಕಾರಿನ ಬಾನೆಟ್ಟಿಗೆ ಕೈಯೂರಿದ.

"ಮೂರನೇ ಸಲ ಕೇಳ್ತಿದೀನಿ. ಶಾಹಬಾಜ್‌ಗೆ ಹೂಂ ಅನ್ಬೇಡ. ನಿಂಗೆ ಅವನು ಇಷ್ಟ ಇದ್ರೆ ಹೇಳು, ಈಗಲೇ ಹೋಗ್ತೀನಿ. ಇಲ್ದಿದ್ರೆ ಇಲ್ಲಿಂದ ಕದಲಲ್ಲ. ನಂಗೆ ಇನ್ನು ತಾಳೋಕಾಗಲ್ಲ ನಿದಾ."

ಅವಳು ಉತ್ತರ ಕೊಡುವ ಮೊದಲೇ ಫಖ್ರುನ್ನೀಸಾ ಹತ್ತಿರ ಬಂದು ನಿಂತಿದ್ದರು.

"ಖಾಲಾ," ಎಂದಳು ನಿದಾ.

"ಗೊತ್ತಾಯ್ತು. ನಿಂಗೆ ನಿದ್ದೆಗಣ್ಣಲ್ಲೂ ಆ ಪುಸ್ತಕ ಯಾಕೆ ಬೇಕಿತ್ತು ಅಂತ ಇವತ್ತು ಗೊತ್ತಾಯ್ತು." ಅವರು ಅರ್ಷದ್ ಕಡೆ ಬೆರಳು ಮಾಡಿದರು. "ಆ ಒಳ್ಳೆ ಜನಕ್ಕೆ ಚಹಾ ಕೊಟ್ಟು, ಮುಖ ನೋಡಿ ಇಲ್ಲ ಅನ್ನೋ ಕೆಲಸ ನಂಗೆ ತಂದಿಟ್ರಿ. ಮುಟ್ಟಾಳ ಕಣೋ ನೀನು. ನಿಮ್ಮಮ್ಮನ ನಂಬರ್ ಕೊಡು."

"ಆಂಟಿ?"

"ಊರಲ್ಲಿ ಈಗ ಮಧ್ಯರಾತ್ರಿ ದಾಟಿರುತ್ತೆ, ನಾಳೆ ಮಾಡ್ತೀನಿ. ಹುಡುಗನ್ನ ನಂಬಿದ್ರೆ ಇನ್ನೆರಡು ಮೆಸೇಜು ಬರೆದು ಕೂರ್ತಾನೆ."

ನಂಬರ್ ಹೇಳುವಾಗ ಅವನು ಎರಡು ಸಲ ತಪ್ಪಿದ. ಫಖ್ರುನ್ನೀಸಾ ಮತ್ತೊಮ್ಮೆ ಕೇಳಿ ಸರಿ ಮಾಡಿಕೊಂಡು, ಲಾಬಿಯಲ್ಲಿದ್ದ ಸಮೋಸದ ಖಾಲಿ ಟ್ರೇ ತರಲು ಹೋದರು.

ಅರ್ಷದ್‌ನ ಕಾರಿನ ಬಾಗಿಲು ತೆರೆದಿಟ್ಟು, ಅವಳು ಸೀಟಿನಲ್ಲಿ ಹೊರಗೆ ಕಾಲು ಚಾಚಿ ಕೂತಳು. ಅವನು ಎದುರಿನ ಕಟ್ಟೆಯ ಮೇಲೆ ಕೂತು ಪುಸ್ತಕ ತೆರೆದ. ಕ್ಲಿಪ್ ತುಕ್ಕು ಹಿಡಿದು ಹಾಳೆಯ ಮೇಲೆ ಕಂದು ಗುರುತು ಬಿಟ್ಟಿತ್ತು.

"'ಗಾಡಿ ನೆಲಕ್ಕಿಳಿದಾಗ ಊರೆಲ್ಲ ಮಲಗಿತ್ತು,'" ಎಂದು ಓದಿದ. "'ಎತ್ತು ಕೇಳಿತು, ಕೆಂಪೀ, ನಾವು ಬಂದದ್ದು ಯಾರಿಗೂ...'"

"ಎತ್ತಿನ ದನಿ ಮರೆತಿದೀಯ," ಎಂದಳು.

ಅವನು ಗಂಟಲು ಸರಿಮಾಡಿ, ಹಿಂದಿನಂತೆ ಮೂಗಿನಿಂದ ಓದಿದ. ಅವಳು ನಕ್ಕಳು. ಆಫ್ ಮಾಡಲು ಇಲ್ಲಿ ಕ್ಯಾಮೆರಾ ಇರಲಿಲ್ಲ. ಆ ನಗುವನ್ನು ಅವನು ಮೊದಲ ಸಲ ಕಣ್ಣಾರೆ ಕಂಡ. ನಗುತ್ತಲೇ ಅತ್ತಳು. ಹಾಳೆ ತಿರುವಲು ಹೋದಾಗ ಅಂಗೈ ತಂದು ಪುಟದ ಮೇಲಿಟ್ಟಳು.

"ಇವತ್ತಿಗೆ ಇಷ್ಟೇ. ಮುಂದಿನ ಪುಟ ನಾಳೆ, ಡರ್ಹಮ್‌ನಲ್ಲಿ."

"ನಾಳೆ ಅದೊಂದೇ ಪುಟಾನಾ?"

"ಒಂದೇ. ಅದರ ಮುಂದಿಂದಕ್ಕೆ ಮತ್ತೆ ಬಾ."

ಅವನು ಅವಳ ಅಂಗೈ ಸರಿಸಲಿಲ್ಲ. ಹಾಗೇ ಇರಲೆಂದು ಅದರ ಮೇಲೆ ತನ್ನದನ್ನೂ ಇಟ್ಟ.