ಲವೀನಿಯಾಗೆ ಬಂದ ನಲವತ್ತೊಂದು ಚಿತ್ರಪತ್ರಗಳು

"ನಮ್ಮಜ್ಜಿ ಕಾಗದಗಳನ್ನ ಈಗಲೇ, ಇಲ್ಲೇ, ನನ್ನ ಕೈಗೆ ಕೊಡಿ!"

ಮ್ಯೂಸಿಯಂ ಕಚೇರಿಯ ಬಾಗಿಲು ದಡಾರನೆ ತೆರೆದ ರಭಸಕ್ಕೆ ಸಿಗ್ನಾಳ ಮೇಜಿನ ಮೇಲಿದ್ದ ಫೋಟೋಗಳೆಲ್ಲ ಹಾರಿ ನೆಲಕ್ಕೆ ಬಿದ್ದವು. ಎದುರಿಗೆ ಆರಡಿ ಎತ್ತರದ ಗಂಡಸು. ಟೋಪಿಯ ಅಂಚಿನಲ್ಲಿ ಮಾರ್ಚ್ ತಿಂಗಳ ಹಿಮ, ಬೂಟಿನ ತುಂಬ ಕೊಟ್ಟಿಗೆಯ ಕೆಸರು.

"ಯಾರ್ರೀ ನೀವು?"

"ಆರಿನ್ ಮ್ಯಾಡಕ್. ನದಿಯಾಚೆ ದನ ಸಾಕೋ ರಾಂಚು ನಮ್ಮದು. ಜೆಡ್ ಲಿಂಡ್ಲೆ ನಮ್ಮಜ್ಜಿಗೆ ಬರೆದ ಕಾಗದ ನಿಮ್ಮ ಮ್ಯೂಸಿಯಂನಲ್ಲಿ ಇದೆಯಂತೆ. ಅಜ್ಜಿಗೆ ತೊಂಬತ್ತೊಂದು. ದಿನಾ ಕೇಳ್ತಾಳೆ. ಯಾರ ಮನೆ ಆಸ್ತಿನ ಯಾರು ಬಚ್ಚಿಟ್ಕೊಂಡಿರೋದು?"

ಜೆಡ್ ಲಿಂಡ್ಲೆ! ದನ ಕಾಯುತ್ತಲೇ ಚಿತ್ರ ಕಲಿತು, ಇಡೀ ಮೊಂಟಾನಾ ರಾಜ್ಯದ ಹೆಮ್ಮೆಯಾಗಿ, ಸತ್ತು ನಲವತ್ತು ವರ್ಷವಾದ ಕಲಾವಿದ. ಗೆಳೆಯರಿಗೆ ಕಾಗದ ಬರೆದರೆ ಅಕ್ಷರಕ್ಕಿಂತ ಕುದುರೆಗಳೇ ಹೆಚ್ಚು.

ಸಿಗ್ನಾ ಸಿಟ್ಟು ನುಂಗಿಕೊಂಡಳು. "ಅಸಲು ಕಾಗದಗಳು ನಿಮ್ಮ ಹಳೇ ಮನೆಗೆ ಬೆಂಕಿ ಬಿದ್ದಾಗಲೇ ಸುಟ್ಟುಹೋದವು. ಅದಕ್ಕೂ ಹಿಂದಿನ ವರ್ಷ ಮ್ಯೂಸಿಯಂನವರು ಫೋಟೋ ತೆಗೆದಿದ್ರು. ಇರೋದು ಅವಷ್ಟೇ... ನೀವೀಗ ತುಳೀತಿದ್ದೀರಲ್ಲ, ಅವೇ."

ಆರಿನ್ ಗಾಬರಿಯಿಂದ ಕಾಲು ಹಿಂದಕ್ಕೆಳೆದ. ಬಗ್ಗಿ ಒಂದನ್ನು ಎತ್ತಿಕೊಂಡ. ಕ್ರಿಸ್‌ಮಸ್ ಕಾರ್ಡಿನ ಕಪ್ಪು ಬಿಳುಪು ಫೋಟೋ. ಹಿಮದಲ್ಲಿ ತಲೆಕೆಳಗಾಗಿ ಬಿದ್ದ ಸವಾರ, ಪಕ್ಕದಲ್ಲಿ ನಗುತ್ತಿರುವ ಕುದುರೆ. ಕೆಳಗೆ ಬರಹ: "ವಿನ್ನಿ, ಇವನು ನನ್ನನ್ನು ಬೀಳಿಸಿದ್ದು ಮೂರೇ ಸಲ. ನಿನ್ನಷ್ಟು ಕ್ರೂರಿಯಲ್ಲ."

ಅವನು ಫಕ್ಕನೆ ನಕ್ಕುಬಿಟ್ಟ.

ಅಯ್ಯೋ... ನಕ್ಕರೆ ಬೇರೆಯೇ ಮನುಷ್ಯ! ಸಿಗ್ನಾಳ ಎದೆ ಸುಮ್ಮಸುಮ್ಮನೆ ಹೊಡೆದುಕೊಂಡಿತು.

"ಇವನ್ನ ಹೊರಗೆ ಕೊಡೋ ಹಾಗಿಲ್ಲ," ಎಂದಳು. "ಭಾನುವಾರ ನಾನೇ ತಂದು ಅಜ್ಜಿಗೆ ತೋರಿಸ್ತೀನಿ. ಆಗಬಹುದಾ?"

ಹಾಗೆ ಶುರುವಾಯಿತು.

ಜೆಡ್‌ನ ವಿನ್ನಿ, ಅಂದರೆ ಲವೀನಿಯಾ ಅಜ್ಜಿಯ ಕಣ್ಣು ಮಂಜಾಗಿತ್ತು, ನೆನಪಲ್ಲ. ಫೋಟೋವನ್ನು ಮೂಗಿನ ಹತ್ತಿರ ಹಿಡಿದು ಹೇಳುತ್ತಿದ್ದಳು: "ಕುತ್ತಿಗೆಯ ಕರವಸ್ತ್ರ ಕೆಂಪು, ಬರ್ಕೋ ಮಗಳೇ. ಕುದುರೆ ಜೇನಿನ ಬಣ್ಣ. ಆಕಾಶಕ್ಕೆ ಅವನ ಹತ್ರ ನೀಲಿ ಮುಗಿದುಹೋಗಿತ್ತು, ಕಾಫಿ ಬಳಿದಿದ್ದ ಕಳ್ಳ!"

ಸಿಗ್ನಾ ಪ್ರತಿ ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಬಣ್ಣಗಳನ್ನು ಬರೆದಳು. ಆಗತಾನೇ ಹುಟ್ಟಿದ ಕರುಗಳನ್ನು ಒರೆಸಿ ಬಂದು ಆರಿನ್ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದ. ಸಂಜೆ ಅವಳನ್ನು ಟ್ರಕ್ಕಿನಲ್ಲಿ ಊರಿಗೆ ಬಿಡುತ್ತಿದ್ದ. ನಲವತ್ತು ಮೈಲಿಗೆ ನಾಲ್ಕೇ ಮಾತು. ಆದರೂ ಆ ದಾರಿ ಮುಗಿಯದಿರಲಿ ಅನಿಸುತ್ತಿತ್ತು ಅವಳಿಗೆ.

ಐದನೆಯ ಭಾನುವಾರ ಕೊನೆಯ ಪತ್ರದ ಸರದಿ ಬಂತು. ದೂರದಲ್ಲಿ ದೀಪ ಹೊತ್ತಿದ ಕಿಟಕಿ, ಇತ್ತ ಹಿಮದಲ್ಲಿ ಕುದುರೆಯ ಮೇಲೆ ಒಂಟಿ ಸವಾರ. "ವಿನ್ನಿ, ಈ ಕುದುರೆಗೆ ನಿನ್ನ ಮನೆಯ ದಾರಿ ಬಿಟ್ಟು ಬೇರೆ ದಾರಿ ಗೊತ್ತಿಲ್ಲ."

ಅಜ್ಜಿ ಬಣ್ಣ ಹೇಳಲಿಲ್ಲ. ಸುಮ್ಮನೆ ಕಣ್ಣೊರೆಸಿಕೊಂಡಳು.

"ಇದನ್ನ ಯಾರಿಗೂ ತೋರಿಸಬೇಡಿ," ದಾರಿಯಲ್ಲಿ ಆರಿನ್ ಕೇಳಿಕೊಂಡ.

"ಖಂಡಿತ ಇಲ್ಲ."

ಆದರೆ ಶುಕ್ರವಾರ ಅದೇ ಚಿತ್ರ ಊರಿನ ಪತ್ರಿಕೆಯ ಮೊದಲ ಪುಟದಲ್ಲಿತ್ತು!

"ಮೇವಿನ ಅಂಗಡೀಲಿ ಏನಂದ್ರು ಗೊತ್ತಾ?" ಆರಿನ್ ಪತ್ರಿಕೆಯನ್ನು ಅವಳ ಮೇಜಿಗೆ ಬಡಿದ. "'ನಿಮ್ಮಪ್ಪನ ಮೂಗು ಮ್ಯಾಡಕ್ ಮೂಗಾ, ಲಿಂಡ್ಲೆ ಮೂಗಾ' ಅಂತ ನಕ್ರು! ನಂಬಿದ್ದೆ ನಿಮ್ಮನ್ನ."

"ನಾನು ಕೊಟ್ಟಿಲ್ಲ ಆರಿನ್..."

"ಫೋಟೋ ಇಡೋ ಬೀರುವಿನ ಕೀಲಿ ಯಾರ ಹತ್ರ ಇರೋದು?"

ಉತ್ತರಕ್ಕೂ ಕಾಯದೆ ಹೊರಟುಹೋದ. ಸಿಗ್ನಾ ಪತ್ರಿಕೆಯನ್ನು ಮುದುರಿ ಬುಟ್ಟಿಗೆಸೆದಳು. ಐದು ಭಾನುವಾರ ನನ್ನ ಮುಖ ನೋಡಿದವನಿಗೆ ಇಷ್ಟೇ ಗೊತ್ತಾಯಿತೇ...?

ಎರಡು ಭಾನುವಾರ ಅವಳು ಹೋಗಲಿಲ್ಲ. ಮೂರನೆಯ ಭಾನುವಾರ ಬೆಳಿಗ್ಗೆ ಮನೆಯ ಫೋನ್ ಬಡಿದುಕೊಂಡಿತು.

"ಏನೇ ಹುಡುಗಿ, ಮುದುಕಿ ಬೇಡವಾದಳಾ?" ಲವೀನಿಯಾ ಅಜ್ಜಿ!

ಸಿಗ್ನಾ ತಡೆಯಲಾರದೆ ಎಲ್ಲ ಹೇಳಿಕೊಂಡಳು. ಅತ್ತ ಕಡೆಯಿಂದ ಕಿವಿಗಡಚಿಕ್ಕುವ ಕೂಗು.

"ಏ ಆರಿನ್! ಬಾರೋ ಇಲ್ಲಿ, ಪೆದ್ದ! ಪೇಪರಿಗೆ ಕೊಡಿಸಿದ್ದು ನಾನು ಕಣೋ! ಮ್ಯೂಸಿಯಂ ದೊಡ್ಡ ಸಾಹೇಬರಿಗೆ ನಾನೇ ಫೋನ್ ಮಾಡಿದ್ದು! ಬೀರುವಿನ ಇನ್ನೊಂದು ಕೀಲಿ ಅವರ ಹತ್ರ ಇದೆ!"

"ನೀನಾ? ಯಾಕಜ್ಜಿ?" ದೂರದಿಂದ ಅವನ ದನಿ.

"ಜೆಡ್‌ಗೆ ಹೃದಯವೇ ಇರ್ಲಿಲ್ಲ, ಒರಟ ಅಂತಾರೆ ಊರವರು. ಅದು ಸುಳ್ಳು ಅಂತ ನಾನಲ್ದೆ ಯಾರು ಹೇಳ್ಬೇಕು? ನಲವತ್ತೊಂದು ಕಾಗದ ಬರೆದ ಕಣೋ. ಒಂದು ಸಲಾನೂ ಬಂದು ಬಾಗಿಲು ಬಡೀಲಿಲ್ಲ. ನಿಮ್ಮ ತಾತನಿಗೆ ಒಂದು ಬೇಲಿಗೂಟದ ಚಿತ್ರ ಬರೆಯೋಕೂ ಬರ್ತಿರ್ಲಿಲ್ಲ, ಆದ್ರೆ ಹಿಮಗಾಳೀಲಿ ಬಂದು ಬಾಗಿಲು ಬಡಿದ, ಮದುವೆ ಆಗ್ತೀಯಾ ಅಂತ ಕೇಳಿದ. ಸುಖವಾಗೇ ಬಾಳಿದ್ವಿ. ಈಗ ನೀನಿಲ್ಲಿ ಕೂತು ಏನು ಮಾಡ್ತಿದ್ದೀಯ?"

ಕುರ್ಚಿ ಉರುಳಿದ ಸದ್ದು. ಬಾಗಿಲು ಬಡಿದ ಸದ್ದು.

"ಹೊರಟ," ಎಂದಳು ಅಜ್ಜಿ ಫೋನಿನಲ್ಲಿ, ತೃಪ್ತಿಯಿಂದ. "ಕೋಟು ಕೂಡ ಹಾಕ್ಕೊಂಡಿಲ್ಲ."

ನಲವತ್ತು ಮೈಲಿ! ಸಿಗ್ನಾ ಮೂರು ಸಲ ತಲೆ ಬಾಚಿಕೊಂಡಳು. ಮೂರು ಸಲವೂ ತನ್ನ ಮೇಲೇ ಸಿಟ್ಟಾದಳು. ಅವನು ಬಾಗಿಲು ಬಡಿದಾಗ ತೆರೆದು, ಅಡ್ಡ ನಿಂತಳು.

"ದಾರಿಯುದ್ದಕ್ಕೂ ಮಾತು ಜೋಡಿಸ್ಕೊಂಡು ಬಂದೆ," ಅವನು ಚಳಿಗೆ ನಡುಗುತ್ತಾ ಹೇಳಿದ. "ಎಲ್ಲ ಮರೆತುಹೋಯ್ತು. ತಪ್ಪಾಯ್ತು, ಅದೊಂದು ನೆನಪಿದೆ."

"ನಾನು ಹೇಳಿದಾಗ ನಂಬಲಿಲ್ಲ ನೀವು. ಅಜ್ಜಿ ಹೇಳಿದ ಮೇಲೆ ನಂಬಿದ್ರಿ." ಅವಳ ಕಣ್ಣು ತುಂಬಿತು.

"ಹೌದು. ಮೊದಲೇ ನಂಬಬೇಕಿತ್ತು ಸಿಗ್ನಾ. ಎಷ್ಟು ದಿನ ಬೇಕಾದ್ರೂ ಕೋಪ ಮಾಡ್ಕೋ. ಆದ್ರೆ ನನ್ನ ಕಣ್ಣೆದುರಿಗೇ ಮಾಡ್ಕೋ. ನೀನಿಲ್ಲದ ಭಾನುವಾರ ನಂಗೆ ಬೇಡ... ನನ್ನ ಮದುವೆ ಆಗ್ತೀಯಾ?"

"ಏನಂದ್ರಿ?"

"ಮದುವೆ..."

"ಅದಲ್ಲ. ಅದಕ್ಕೂ ಮುಂಚೆ. 'ನೀನು' ಅಂದ್ರಿ."

ಅವನ ಮುಖ ಕೆಂಪಾಯಿತು. "ಬಾಯಿಗೆ ಬಂದುಬಿಡ್ತು. ತಪ್ಪಾ?"

ಸಿಗ್ನಾ ಅವನ ಮರಗಟ್ಟಿದ ಎರಡೂ ಕೈಗಳನ್ನು ತನ್ನ ಅಂಗೈಯೊಳಗೆ ತೆಗೆದುಕೊಂಡಳು.

"ತಪ್ಪಲ್ಲ ಕಣೋ," ಎಂದಳು ಮೆಲ್ಲಗೆ. "ತಡ ಆಯ್ತು, ಅಷ್ಟೇ."