ಕೋರ್ಟಿನಲ್ಲಿ ನಿಲ್ಲುವ ಮಾತು

ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಹೆಂಗಸೊಬ್ಬಳು ಠಾಣೆಗೆ ಬಂದು ಸಣ್ಣ ಬೀಗದ ಕೈಯೊಂದನ್ನು ಇನ್‌ಸ್ಪೆಕ್ಟರ ಮೇಜಿನ ಮೇಲಿಟ್ಟಳು. ಲಿಫ್ಟ್ ರಿಪೇರಿ ಮಾಡುತ್ತಿದ್ದ ಅವಳ ಗಂಡ ಹಿಂದಿನ ವಾರ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಅವನು ಲಿಫ್ಟಿನ ತಳದ ಗುಂಡಿಯೊಳಗೆ ಕೆಲಸ ಮಾಡುತ್ತಿದ್ದಾಗ ಲಿಫ್ಟ್ ಕೆಳಗಿಳಿದು ಅವನನ್ನು ಅದುಮಿತ್ತು.

"ಸ್ವಿಚ್ ಆಫ್ ಮಾಡೋದು ನಾನೇ ಮರೆತೆ ಅಂತ ನಿಮ್ಮ ಯಜಮಾನ್ರು ಸಾಯೋ ಮುಂಚೆ ಡಾಕ್ಟರಿಗೆ ಹೇಳಿದಾರಲ್ಲಮ್ಮ."

"ಮರೆಯೋ ಮನುಷ್ಯ ಅಲ್ಲ ಸಾರ್. ಸ್ವಿಚ್ ಪೆಟ್ಟಿಗೆಗೆ ಬೀಗ ಹಾಕದೆ ಗುಂಡಿಗೆ ಕಾಲಿಡ್ತಿರಲಿಲ್ಲ. ಕೀ ಅವರ ಜೇಬಲ್ಲೇ ಇತ್ತು. ಬೀಗ ಎಲ್ಲಿ?"

"ಇನ್ನೊಂದು ಕೀ ಯಾರ ಹತ್ರ ಇತ್ತು?"

"ಮೈದುನನ ಹತ್ರ. ಇವರ ಜೊತೆಗೇ ಕೆಲಸ ಮಾಡ್ತಿದ್ದ. ನಾನೇ ಎತ್ತಿ ಆಡಿಸಿದೋನು."

ಎಫ್ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೇಬಲ್ ಕಟ್ಟಡದ ಕಾವಲುಗಾರನನ್ನು ವಿಚಾರಿಸಿದ. ಅಂದು ಅಣ್ಣತಮ್ಮಂದಿರಿಗೆ ಮಾತಿಗೆ ಮಾತು ಬೆಳೆದಿತ್ತು. ಆಮೇಲೆ ಅಣ್ಣ ಗುಂಡಿಗಿಳಿದ, ತಮ್ಮ ಸ್ವಿಚ್ ಪೆಟ್ಟಿಗೆ ಇದ್ದ ಮೇಲಿನ ಮೆಷಿನ್ ರೂಮಿಗೆ ಹೋದ. ಅದಕ್ಕಿಂತ ಹೆಚ್ಚು ಕಾವಲುಗಾರನಿಗೆ ತಿಳಿಯದು.

ಮಧ್ಯಾಹ್ನ ತಮ್ಮನನ್ನು ಕರೆಸಿದರು. ಅವನು ಕೂರಲೂ ಇಲ್ಲ.

"ಬೀಗ ತೆಗೆದು ಸ್ವಿಚ್ ಹಾಕಿದ್ದು ನಾನೇ ಸಾರ್. ಬರ್ಕೊಳ್ಳಿ."

"ಬರ್ಕೊಂಡರೂ ಪ್ರಯೋಜನ ಇಲ್ಲ," ಎಂದರು ಇನ್‌ಸ್ಪೆಕ್ಟರು. "ನಮ್ಮ ಮುಂದೆ ತಪ್ಪೊಪ್ಕೊಂಡಿದ್ದನ್ನ ಕೋರ್ಟು ಸಾಕ್ಷ್ಯ ಅಂತ ತಗೊಳಲ್ಲ. ಹೊಡೆದು ಹೇಳಿಸಿರಬಹುದು ಅಂತ."

"ಯಾರೂ ಕೈ ಮಾಡಿಲ್ವಲ್ಲ."

"ಅದು ಕೋರ್ಟಿಗೆ ಹೇಗೆ ಗೊತ್ತಾಗತ್ತೆ? ಸಾಯುವಾಗ ನಿಮ್ಮಣ್ಣ ಆಡಿದ ಮಾತನ್ನಾದ್ರೆ ತಗೊಳ್ತಾರೆ."

"ಅವನು ಹೇಳಿದ ಸುಳ್ಳು ನಡೆಯತ್ತೆ, ನಾನು ಹೇಳೋ ನಿಜ ನಡೆಯಲ್ವಾ?"

"ಇಷ್ಟು ವರ್ಷ ಒಪ್ಕೊಳ್ಳದೋರ ಹಿಂದೆ ಅಲೆದಿದ್ದಾಯ್ತು," ಹೆಡ್ ಕಾನ್‌ಸ್ಟೇಬಲ್ ಗೊಣಗಿದ. "ಒಪ್ಕೊಂಡೋನನ್ನ ಇಟ್ಕೊಂಡು ಒದ್ದಾಡೋದು ಇದೇ ಮೊದಲು."

ಇನ್‌ಸ್ಪೆಕ್ಟರು ನಗಲಿಲ್ಲ. "ಬೀಗ ಏನು ಮಾಡ್ದೆ?"

"ಬಚ್ಚಿಟ್ಟಿದೀನಿ. ತೋರಿಸ್ತೀನಿ."

ಇಬ್ಬರು ಪಂಚರ ಸಮಕ್ಷಮ ಅವನು ಆ ಕಟ್ಟಡದ ತಾರಸಿ ಹತ್ತಿ, ಬಳಸದೆ ಬಿಟ್ಟಿದ್ದ ನೀರಿನ ತೊಟ್ಟಿಯ ಕೆಸರಿನಿಂದ ಬೀಗ ಎತ್ತಿದ. ಅತ್ತಿಗೆ ತಂದಿದ್ದ ಕೀ ಅದರಲ್ಲಿ ಸರಾಗವಾಗಿ ತಿರುಗಿತು. ಸ್ಥಳದಲ್ಲೇ ಪಂಚನಾಮೆ ಬರೆದರು. ಅವನು ಹೇಳಿದ್ದರಿಂದ ಬೀಗ ಸಿಕ್ಕಿತಲ್ಲ, ಅವನ ಮಾತಿನಲ್ಲಿ ಅಷ್ಟಕ್ಕೆ ಮಾತ್ರ ಕೋರ್ಟಿನಲ್ಲಿ ಬೆಲೆ. ಸಂಜೆ ಅವನನ್ನು ಬಂಧಿಸಲಾಯಿತು.

ಉಳಿದದ್ದನ್ನು ಅವನು ಮ್ಯಾಜಿಸ್ಟ್ರೇಟರ ಮುಂದೆಯೇ ಹೇಳಬೇಕಿತ್ತು. ಹೇಳಲೇಬೇಕೆಂದಿಲ್ಲ, ಹೇಳಿದರೆ ನಿನಗೇ ಮುಳುವಾದೀತು ಎಂದು ಅವರು ಎಚ್ಚರಿಸಿ, ಯೋಚಿಸಲು ಸಮಯ ಕೊಟ್ಟರು. ಅವನು ಹೇಳಿಯೇ ಬಿಟ್ಟ. ಕೆಲಸದವರೆಲ್ಲರ ಎದುರಿಗೆ ಅಣ್ಣ, "ನಿನ್ನ ಕೈಗೆ ಸ್ಪ್ಯಾನರ್ ಕೊಟ್ಟಿದ್ದೇ ನನ್ನ ತಪ್ಪು" ಅಂದಿದ್ದ. ಲಿಫ್ಟ್ ಒಮ್ಮೆ ಜಗ್ಗಿ ಅಣ್ಣ ಹೆದರಿ ಕೂಗಿಕೊಂಡರೆ ಸಾಕು ಎಂದಷ್ಟೇ ಅವನು ಎಣಿಸಿದ್ದ.

ಜೈಲಿಗೆ ಕರೆದೊಯ್ಯುವಾಗ ಹೆಡ್ ಕಾನ್‌ಸ್ಟೇಬಲ್ ಕೇಳಿದ. "ಅಣ್ಣ ನಿನ್ನ ಉಳಿಸಿದ್ದನಲ್ಲೋ. ಸುಮ್ಮನಿರಬಾರದಿತ್ತಾ?"

"ಡಾಕ್ಟರು ಬರೋ ಮುಂಚೆ ನನ್ನನ್ನ ಹತ್ರ ಕರೆದ ಸಾರ್. 'ಸ್ವಿಚ್ ನಾನೇ ಮರೆತಿದ್ದು, ತಿಳೀತಾ?' ಅಂದ." ಅವನು ಬೇಡಿ ಹಾಕಿದ ಕೈಗಳನ್ನೇ ನೋಡುತ್ತಿದ್ದ. "ನಾನು ಹೂಂ ಅಂದುಬಿಟ್ಟೆ."